ಈಚೆ ದಡದ ವಾಸ

ಅಕ್ಕನ ಮನೆಯ ಹಿತ್ತಲಿನ ಬೇಲಿಯ ಬಳಿ ನಿಂತರೆ ಹೊಳೆಯಾಚೆಯ ಹೆಂಚಿನ ಮನೆ ಕಾಣುತ್ತಿತ್ತು. ಮನೆಯ ಪಕ್ಕದಲ್ಲಿ ಎರಡು ಗೂಟ, ಗೂಟಗಳ ನಡುವೆ ಒಂದು ಹಗ್ಗ. ಬಿಸಿಲು ಹೆಂಚಿನ ಮೇಲಿಂದ ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಬ್ಬ ಮುದುಕಿ ಹೊರಗೆ ಬಂದು ಆ ಹಗ್ಗದ ಮೇಲೆ ಕೌದಿ ಹರವುತ್ತಿದ್ದಳು. ಅಷ್ಟು ದೂರಕ್ಕೆ ಮುದುಕಿ ಬೆರಳಿನಷ್ಟೇ ಕಾಣುತ್ತಿದ್ದಳು. ಕೌದಿಯ ಕೆಂಪು ಅಂಚು ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಕಂಡ ಮೇಲೆಯೇ ಪುಟ್ಟಿಗೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುತ್ತಿದ್ದುದು.

ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಹೊಳೆಯಾಚೆಯ ಆ ಮನೆ ಅವಳ ಗಂಡನದು, ಮುದುಕಿ ಅವಳ ಅತ್ತೆ. ಗಂಡ ಅಂಬಿಗ. ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸುವ ಒಂದೇ ಒಂದು ದೋಣಿ ಅವನದು. ಮದುವೆಯಾದ ಹೊಸತರಲ್ಲಿ ಅವಳಿಗೆ ಹುಟ್ಟು ಹಾಕಲು ಕಲಿಸಿದವಳು ಅತ್ತೆಯೇ. "ನೀರಿನ ಜೊತೆ ಗುದ್ದಾಡಬೇಡ ಮಗಳೇ, ಅದರ ಬೆನ್ನು ಸವರು" ಎನ್ನುತ್ತಿದ್ದಳು. ಅತ್ತೆಗೆ ಹೆಣ್ಣುಮಕ್ಕಳಿರಲಿಲ್ಲ, ಪುಟ್ಟಿಗೆ ತಾಯಿಯ ಮುಖ ನೆನಪಿರಲಿಲ್ಲ. ಇಬ್ಬರೂ ಕೂತು ಹಳೆಯ ಬಟ್ಟೆಗಳನ್ನೆಲ್ಲ ಸೇರಿಸಿ, ಒಬ್ಬಳು ಆ ಮೂಲೆಯಿಂದ ಒಬ್ಬಳು ಈ ಮೂಲೆಯಿಂದ ಹೊಲಿದು, ನಡುವೆ ಕೈಗೆ ಕೈ ತಾಗಿದಾಗ ನಗಾಡಿಕೊಂಡು ಮುಗಿಸಿದ ಕೌದಿ ಅದು.

ಅಂಬಿಗನ ಬಲಭುಜ ನೋವಿನಿಂದ ಹಿಡಿದುಕೊಂಡ ಮೇಲೆ ದೋಣಿಯ ಅರ್ಧ ಕೆಲಸ ಪುಟ್ಟಿಯ ಪಾಲಿಗೆ ಬಂತು. ಅದು ಅವನ ಎದೆಗೆ ಮುಳ್ಳಾಯಿತು. ಸಿಟ್ಟು ಬಂದಾಗಲೆಲ್ಲ ಕೈ ಎತ್ತುವುದು ಮೊದಲೂ ಇತ್ತು, ಈಗ ಹೆಚ್ಚಾಯಿತು. ಒಂದು ದಿನ ಪಾತ್ರೆ ವ್ಯಾಪಾರಿಯೊಬ್ಬ ಈಚೆ ದಡದಲ್ಲಿ ಇಳಿಯುತ್ತ, "ಈ ಅಕ್ಕ ಹುಟ್ಟು ಹಾಕಿದರೆ ಚೊಂಬಿನ ನೀರೂ ತುಳುಕಲ್ಲ ನೋಡಿ" ಎಂದುಬಿಟ್ಟ. ಖಾಲಿ ದೋಣಿ ಆಚೆಗೆ ಹೊರಟಿತು. ನಡುಹೊಳೆಯಲ್ಲಿ ಅಂಬಿಗ ಎದ್ದು, ಕೈಯಲ್ಲಿದ್ದ ಹುಟ್ಟಿನ ಹಿಡಿಯಿಂದ ಅವಳ ಮಣಿಕಟ್ಟಿಗೆ ಹೊಡೆದ. ಮೂಳೆ ಬಿರುಕು ಬಿಟ್ಟದ್ದು ಅವಳ ಕಿವಿಗೇ ಕೇಳಿಸಿತು.

ಅಷ್ಟರಲ್ಲಿ ಈಚೆ ದಡದಿಂದ ಯಾರೋ "ಓ..." ಎಂದು ಕೂಗಿದರು. ಕೂಗು ಬಿದ್ದ ಕಡೆ ದೋಣಿ ತಿರುಗಲೇಬೇಕು. ಊಟಕ್ಕೆ ಕೂತಿದ್ದರೂ, ಜ್ವರ ಬಂದಿದ್ದರೂ ಅಂಬಿಗರ ಮನೆಯವರು ಅದನ್ನು ತಪ್ಪಿಸಿದವರಲ್ಲ. ಅವನ ಅಪ್ಪ ತಪ್ಪಿಸಿರಲಿಲ್ಲ, ಅಜ್ಜ ತಪ್ಪಿಸಿರಲಿಲ್ಲ. ಹೆಂಡತಿಗೆ ಹೊಡೆದ ಅದೇ ಹುಟ್ಟಿನಿಂದ ಅವನು ದೋಣಿ ತಿರುಗಿಸಿದ. ದೋಣಿ ಈಚೆ ದಡಕ್ಕೆ ತಾಗಿದ್ದೇ ಪುಟ್ಟಿ ಇಳಿದಳು. ಮತ್ತೆ ಹತ್ತಲಿಲ್ಲ.

ಅಕ್ಕನ ಓಣಿಯವರು ಬಹಳ ಒಳ್ಳೆಯವರು. ಊದಿದ ಕೈ ಹಿಡಿದುಕೊಂಡು ಬಂದವಳನ್ನು ಯಾರೂ ಏನೂ ಕೇಳಲಿಲ್ಲ. ಪಕ್ಕದ ಮನೆಯಲ್ಲಿ ಓಣಿಗೆಲ್ಲ ದೊಡ್ಡಮ್ಮ ಅನ್ನಿಸಿಕೊಂಡ ಹಿರಿಯ ಹೆಂಗಸೊಬ್ಬಳಿದ್ದಳು. ನಲ್ಲಿಯ ಹತ್ತಿರ ಯಾರೋ ಬಾಯಿ ತೆರೆಯುವ ಮೊದಲೇ ಆಕೆ, "ಅಕ್ಕನ ಮನೇಲಿ ನಾಲ್ಕು ದಿನ ಇದ್ದು ಹೋಗೋಕೆ ಬಂದಿದ್ದಾಳೆ. ದಾರೀಲಿ ಜಾರಿ ಬಿದ್ದಳಂತೆ, ಪಾಪ" ಎಂದು ತೀರ್ಪು ಕೊಟ್ಟುಬಿಟ್ಟಳು. ಅಂದಿನಿಂದ ಓಣಿಯ ಮಾತು ಅದೇ. ಅಂಗಡಿಯವನು ಕೇಳಿದರೂ ಅದೇ, ದರ್ಜಿ ಕೇಳಿದರೂ ಅದೇ. ಕೈಗೆ ಕಟ್ಟಿದ ಪಟ್ಟಿ ಬಿಚ್ಚಿ ತಿಂಗಳು ಕಳೆದರೂ ಅವಳ ನಾಲ್ಕು ದಿನ ಮುಗಿದಿರಲಿಲ್ಲ.

ಪುಟ್ಟಿಗೂ ಆ ಮಾತು ಹಿತವಾಗಿತ್ತು. ಅಕ್ಕ ಕೊಟ್ಟ ಎರಡು ಜೊತೆ ಬಟ್ಟೆಯನ್ನು ಗಂಟು ಕಟ್ಟಿ ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಬೇಕಾದಾಗ ಬಿಚ್ಚಿ, ಒಗೆದು ಒಣಗಿಸಿ, ಮತ್ತೆ ಕಟ್ಟಿಡುವಳು.

"ಏನಮ್ಮ, ನಿನ್ನ ಗಂಟಿಗೆ ಕಾಲು ಬಂದು ಅದೇ ಎದ್ದು ಹೋಗುತ್ತೆ ಅಂದ್ಕೊಂಡಿದ್ದೀಯಾ?" ಎಂದು ಭಾವ ಚುಡಾಯಿಸುತ್ತಿದ್ದ. ಬಡಗಿ ಕೆಲಸದವನು, ಮಾತಾಡುವಾಗಲೂ ಕಿವಿಯ ಸಂದಿಯಲ್ಲಿ ಪೆನ್ಸಿಲು. "ಗೋಡೆಗೆ ಒಂದು ಹಲಗೆ ಹೊಡೆದುಕೊಡ್ತೀನಿ, ಅದರ ಮೇಲಿಡು."

"ಬೇಡ ಭಾವ. ಹೋಗೋವಾಗ ಹುಡುಕೋದು ಬೇಡ."

"ಎಲ್ಲಿಗೆ ಹೋಗೋವಾಗ?" ಎಂದು ಅಕ್ಕ ಒಳಗಿನಿಂದಲೇ ಕೇಳಿದಳು. ಪುಟ್ಟಿ ಗಂಟನ್ನು ಗೋಡೆಗೆ ಇನ್ನಷ್ಟು ಒತ್ತಿಟ್ಟಳು. ಅಂಬಿಗ ಎರಡು ಸಲ ದೋಣಿ ನಿಲ್ಲುವ ಕಡವಿನಿಂದ ಮೇಲೆ ಬಂದು ಬೇಲಿಯ ಹೊರಗೆ ನಿಂತು ಕೂಗಾಡಿ ಹೋಗಿದ್ದ. ಇನ್ನೊಂದು ಸಲ ಬಂದರೆ ಬೇಲಿ ದಾಟುತ್ತಾನೆಂದು ಅಕ್ಕನಿಗೆ ಗ್ಯಾರಂಟಿ. ಅವಳೇ ಹಟ ಹಿಡಿದು ತಂಗಿಯನ್ನು ಪೇಟೆಯ ಕೋರ್ಟಿಗೆ ಹೊರಡಿಸಿದಳು.

ಬಡವರಿಗೆಂದು ಕೋರ್ಟಿನವರೇ ಕೊಟ್ಟ ವಕೀಲಮ್ಮ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಕೂತಿದ್ದಳು. ಮೇಜಿನ ಒಂದು ಕಾಲು ಗಿಡ್ಡ. ಭಾವ ಕೂರುವ ಮೊದಲೇ ಜೇಬಿನಿಂದ ಮರದ ಚಕ್ಕೆ ತೆಗೆದು ಅದರ ಕೆಳಗೆ ತುರುಕಿದ. ಮೇಜು ನೆಟ್ಟಗೆ ನಿಂತಿತು.

"ಅವರು ಮತ್ತೆ ನಿಮ್ಮ ಹತ್ತಿರ ಬರಬಾರದು, ಕೈ ಎತ್ತಬಾರದು ಅಂತ ಕೋರ್ಟಿನಿಂದ ರಕ್ಷಣೆಯ ಆದೇಶ ತರಬಹುದು" ಎಂದಳು ವಕೀಲಮ್ಮ. "ಆದ್ರೆ ಸಿಕ್ಕಿದ ಕೋರ್ಟಿಗೆ ಹೋಗೋ ಹಾಗಿಲ್ಲ. ಪ್ರತಿ ಕೋರ್ಟಿಗೂ ಒಂದು ಸರಹದ್ದು ಇರುತ್ತೆ. ನೀವು ವಾಸ ಇರೋ ಜಾಗದ ಕೋರ್ಟು ಆಗಬಹುದು, ಅವರು ವಾಸ ಇರೋ ಜಾಗದ್ದು ಆಗಬಹುದು, ಇಲ್ಲಾ ಹೊಡೆದದ್ದು ಎಲ್ಲೋ ಅಲ್ಲಿನದು. ಹೊಡೆದದ್ದು ಎಲ್ಲಿ?"

"ಹೊಳೇಲಿ."

"ಹೊಳೆ ದಂಡೇಲಾ?"

"ಅಲ್ಲಮ್ಮ. ನಡುಹೊಳೇಲಿ, ದೋಣಿ ಮೇಲೆ."

ಮೂಲೆಯಲ್ಲಿ ಕೂತ ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. "ಸರಿಹೋಯ್ತು. ಈಚೆ ಅರ್ಧ ಹೊಳೆ ನಮ್ಮ ಕೋರ್ಟಿಂದು, ಆಚೆ ಅರ್ಧ ಆ ಕೋರ್ಟಿಂದು. ಇನ್ನು ಮೀನುಗಳನ್ನೇ ಸಾಕ್ಷಿಗೆ ಕರೆಸಬೇಕು. ನಡುವೆ ಒಂದು ಕರೀ ಬಂಡೆ ಇದೆಯಲ್ಲ, ಅದೇ ಗಡಿ. ಬಂಡೆ ದಾಟಿದ್ರಾ, ಇಲ್ವಾ?"

"ದಾಟಿದ್ವಿ."

"ದಾಟಿರಲಿಲ್ಲ ಅಂದ್ರೆ ನಮಗೆ ಸುಲಭ" ಎಂದು ಅವನು ಸ್ವಲ್ಪ ಮೆಲ್ಲಗೆ ಹೇಳಿದ.

"ದಾಟಿದ್ವಿ ಅಣ್ಣ. ಬಂಡೆ ನಮ್ಮ ಹಿಂದಕ್ಕೆ ಬಿದ್ದಿತ್ತು, ಅದರ ಮೇಲೆ ನೀರುಕಾಗೆ ಕೂತಿತ್ತು."

ವಕೀಲಮ್ಮ ಕೈ ಅಡ್ಡ ಮಾಡಿದಳು. "ಹೊಳೆ ಅಲ್ಲೇ ಹರೀಲಿ ಬಿಡಿ. ನಿಮಗೆ ಆಚೆ ಕೋರ್ಟಿಗೆ ಓಡಾಡೋಕೆ ಆಗುತ್ತಾ?"

"ಸೇತುವೆ ಸುತ್ತಿ ಹೋದರೆ ಒಂದಿಡೀ ದಿನ ಬೇಕು" ಎಂದ ಭಾವ. "ಇಲ್ಲಾ ದೋಣೀಲಿ ಹೋಗ್ಬೇಕು. ದೋಣಿ ಯಾರದ್ದು? ಅವನ ಮೇಲೆ ದೂರು ಕೊಡೋಕೆ ಹೋಗ್ತೀವಪ್ಪ, ಸ್ವಲ್ಪ ದಾಟಿಸು ಅನ್ನೋದಾ?"

ವಕೀಲಮ್ಮನಿಗೂ ನಗು ಬಂತು. ಆಮೇಲೆ ಪುಟ್ಟಿಯ ಕಡೆ ತಿರುಗಿದಳು. "ನೀವೀಗ ಇರೋದು ಎಲ್ಲಿ?"

"ಸದ್ಯ ಅಕ್ಕನ ಮನೇಲಿ. ಮನೆ ಆಚೆ ದಡದಲ್ಲಿದೆ."

"ಸದ್ಯ ಇದ್ರೂ ಸಾಕು. ಸ್ವಲ್ಪ ಕಾಲದ ವಾಸಾನೂ ವಾಸವೇ. ಆದ್ರೆ ನಿಜವಾಗಿ ಇರಬೇಕು. ನೆಂಟರ ಮನೆಗೆ ಬಂದು ಹೋಗೋದನ್ನ ಕೋರ್ಟು ವಾಸ ಅನ್ನಲ್ಲ. ವಿಚಾರಿಸೋಕೆ ಅಧಿಕಾರಿ ಬರ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ."

ಹೊರಡುವಾಗ ಬಾಗಿಲಲ್ಲಿ ನಿಂತು ಪುಟ್ಟಿ ಕೇಳಿದಳು: "ಈ ಕೋರ್ಟಿನ ಆದೇಶ ಆಚೆ ದಡದಲ್ಲೂ ನಡೆಯುತ್ತಾ?"

"ನಡೆಯುತ್ತಮ್ಮ. ಆದೇಶಕ್ಕೆ ದೋಣಿ ಬೇಕಾಗಿಲ್ಲ."

ಅಧಿಕಾರಿ ಬಂದ ದಿನ ಅಕ್ಕ ಸಂತೆಗೆ ಹೋಗಿದ್ದಳು, ಭಾವ ಯಾರದೋ ಮನೆಗೆ ಬಾಗಿಲು ಕೂರಿಸಲು ಹೋಗಿದ್ದ. ಬಂದವರು ಹಿರಿಯರು, ಮೆದುಮಾತಿನವರು. ಮೊದಲು ಓಣಿಯಲ್ಲಿ ವಿಚಾರಿಸಿದರು. ಅಂಗಡಿಯವನು "ನೆಂಟರು ಸಾರ್, ನಾಲ್ಕು ದಿನಕ್ಕೆ ಬಂದಿರೋದು" ಎಂದ. ದರ್ಜಿಯೂ ಹಾಗೇ ಎಂದ. ದೊಡ್ಡಮ್ಮನಂತೂ ಜಗುಲಿಯಿಂದ ಇಳಿದು ಬಂದು, "ಗಂಡ ಹೆಂಡತಿ ಚೆನ್ನಾಗೇ ಇದ್ದಾರಪ್ಪ. ಇವತ್ತೋ ನಾಳೆಯೋ ಹೊರಡ್ತಾಳೆ" ಎಂದು ತನ್ನ ಕೈಲಾದಷ್ಟು ಮರ್ಯಾದೆ ಕಾಪಾಡಿದಳು.

ಪುಟ್ಟಿ ಅವರಿಗೆ ಚಹಾ ಮಾಡಿಕೊಟ್ಟಳು. ಲೋಟ ಕೆಳಗಿಟ್ಟು ಅವರು, "ಇಲ್ಲೇ ಇರ್ತೀರೇನಮ್ಮ?" ಎಂದು ಕೇಳಿದರು. ಬಾಯಿಗೆ ರೂಢಿಯಾದ ಮಾತು ತಾನಾಗಿ ಹೊರಬಿತ್ತು. "ಇಲ್ಲ ಸಾರ್, ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದೆ." ಅವರ ಕಣ್ಣು ಬಾಗಿಲ ಪಕ್ಕದ ಗಂಟಿನ ಮೇಲೆ ಹೋಯಿತು. ಮತ್ತೇನೂ ಕೇಳಲಿಲ್ಲ.

ವಿಚಾರಣೆಯ ದಿನ ನ್ಯಾಯಾಧೀಶರು ಆ ವರದಿಯನ್ನು ಓದಿ ಕನ್ನಡಕ ತೆಗೆದರು. "ಓಣಿಯವರೆಲ್ಲ ನೆಂಟರು ಅಂತಾರೆ. ಅರ್ಜಿದಾರರೂ ಅದನ್ನೇ ಹೇಳಿದ್ದಾರೆ. ಕಟ್ಟಿದ ಗಂಟು ಬಾಗಿಲಲ್ಲೇ ಇತ್ತಂತೆ. ಇಲ್ಲಿ ವಾಸ ಇಲ್ಲ ಅಂದ ಮೇಲೆ ಈ ಅರ್ಜಿ ನಾನು ಕೇಳೋ ಹಾಗಿಲ್ಲ. ಆಚೆ ಕೋರ್ಟಿಗೆ ಹೋಗಬೇಕಾಗುತ್ತೆ." ವಕೀಲಮ್ಮ ಎದ್ದು ಕಾಲಾವಕಾಶ ಕೇಳಿದಳು. ಮುಂದಿನ ವಾರದೊಳಗೆ ವಾಸ ಇರುವುದನ್ನು ತೋರಿಸಿಕೊಡಿ, ಇಲ್ಲದಿದ್ದರೆ ಅರ್ಜಿ ವಾಪಸ್, ಎಂದಾಯಿತು.

ಹೊರಗಿನ ಜಗುಲಿಯಲ್ಲಿ ವಕೀಲಮ್ಮ ಸಿಟ್ಟನ್ನು ನುಂಗಿಕೊಂಡು ಕೇಳಿದಳು. "ಯಾಕಮ್ಮ ಹಾಗಂದ್ರಿ?"

"ಮನೆಗೆ ಬಂದ ಹೊರಗಿನವರ ಹತ್ತಿರ ಗಂಡನ ಮನೆ ಬಿಟ್ಟು ಬಂದೆ ಅಂತ ಹೇಗೆ ಹೇಳಲಿ?"

"ಅದನ್ನ ಕೇಳೋಕೇ ಬಂದಿದ್ದು ಅವರು. ಒಂದು ಮಾತು ನೆನಪಿಟ್ಕೊಳ್ಳಿ. ಈ ವಾರದಲ್ಲಿ ಆಚೆಗೆ ಹೋಗಿ ಉಳಿದ್ರಿ ಅಂದ್ರೆ ಇಲ್ಲಿ ಅರ್ಜಿಗೆ ಜೀವ ಇರಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪುಟ್ಟಿ ಯೋಚಿಸಿದಳು. ಬರೀ ಮರ್ಯಾದೆಗೆ ಅಂಜಿ ಆಡಿದ ಮಾತೇ ಅದು? ಒಲೆಯ ಮೇಲೆ ಎಡಕ್ಕೆ ವಾಲುವ ಆ ಮನೆಯ ಮಡಕೆ, ಬೆಳಗ್ಗೆ ತೇವದ ಹಗ್ಗದ ವಾಸನೆ, ತಾನೇ ಡಾಂಬರು ಬಳಿದ ದೋಣಿಯ ಹೊಟ್ಟೆ, ತಲೆಗೆ ಎಣ್ಣೆ ಹಚ್ಚುವಾಗ ಅತ್ತೆಯ ಒರಟು ಬೆರಳು. ಇವೆಲ್ಲ ಆಚೆಗಿವೆ. ಇಲ್ಲಿ ಇದ್ದೇನೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಅಲ್ಲಿ ಇಲ್ಲ ಎಂದಾಗಿಬಿಡುತ್ತದಲ್ಲ. ಹೊಡೆಯುವ ಕೈಯೊಂದನ್ನು ಬಿಟ್ಟರೆ ಆಚೆಯದು ಯಾವುದೂ ಅವಳಿಗೆ ಬೇಡವಾಗಿರಲಿಲ್ಲ.

ಮರುದಿನ ಬೆಳಗ್ಗೆ ಹಗ್ಗದ ಮೇಲೆ ಕೌದಿ ಇರಲಿಲ್ಲ. ಬಿಸಿಲು ಅಂಗಳ ತುಂಬಿ, ಗೂಟಗಳ ನೆರಳು ಗಿಡ್ಡವಾಯಿತು. ಮುದುಕಿ ಹೊರಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಕ ಕೊಟ್ಟ ಚಹಾ ಲೋಟದಲ್ಲೇ ಕೆನೆಗಟ್ಟಿತು.

ಆ ಮಧ್ಯಾಹ್ನ ದೋಣಿ ಈಚೆಗೆ ಬಂತು. ಜನ ಇಳಿದು ಹೋದ ಮೇಲೆ ಅಂಬಿಗ ಇಳಿಯಲಿಲ್ಲ, ಕೂಗಾಡಲೂ ಇಲ್ಲ. ಬೇಲಿಯ ಕಡೆ ತಲೆ ಎತ್ತಿ, "ಅಮ್ಮ ಹಾಸಿಗೆ ಹಿಡಿದಿದ್ದಾಳೆ" ಎಂದ. ಮದುವೆಯಾದ ಹೊಸತರಲ್ಲಿ ಅವನಿಗಿದ್ದ ದನಿ ಅದು. ಪುಟ್ಟಿಯ ಕಾಲು ತಾನಾಗಿ ಇಳಿಜಾರಿಗೆ ಬಿತ್ತು.

ನೀರಿನ ಅಂಚಿಗೆ ಹೋಗಿ ನಿಂತಳು. ದೋಣಿಯ ಮೂತಿ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಕಟ್ಟುವ ಹಗ್ಗ ನೀರಲ್ಲಿ ಬಿದ್ದಿತ್ತು. ಬಗ್ಗಿ ಅದನ್ನು ಎತ್ತಿ ಹಿಂಡಿದಳು, ಕೈಗೆ ಅಭ್ಯಾಸವಾದ ಕೆಲಸ.

"ಏನಾಗಿದೆ ಅತ್ತೆಗೆ?"

"ಜ್ವರ. ನಿನ್ನ ಹೆಸರೇ ಹೇಳ್ತಾಳೆ. ಬಾ, ಒಂದೆರಡು ದಿನ ಇದ್ದು ಬರುವಿಯಂತೆ."

"ಡಾಕ್ಟರಿಗೆ ತೋರಿಸಿದ್ರಾ?"

"ನೀನು ಬಾ, ಆಮೇಲೆ ತೋರಿಸೋಣ."

"ನಾಳೆ ಆಚೆ ದಡದಿಂದ ಹಾಲಿನವಳು ಬರ್ತಾಳಲ್ಲ, ಅವಳನ್ನ ಕೇಳಿಕೊಂಡು..."

"ನನ್ನ ಮಾತು ಸಾಲದಾ ನಿಂಗೆ?" ದನಿ ಇನ್ನೂ ಮೆತ್ತಗೇ ಇತ್ತು. ಆದರೆ ಹುಟ್ಟಿನ ಮೇಲೆ ಅವನ ಕೈ ಒಂದು ಗೇಣು ಮೇಲಕ್ಕೆ ಸರಿದು ಹಿಡಿ ಬದಲಾಯಿಸಿತು. ಹುಟ್ಟು ಹಾಕುವವರು ಹಾಗೆ ಹಿಡಿಯುವುದಿಲ್ಲ. ಪುಟ್ಟಿ ಅದನ್ನು ನೋಡಿದಳು. ನೋಡಿಯೂ ಕೈಯಲ್ಲಿದ್ದ ಹಗ್ಗ ಬಿಡಲಾಗಲಿಲ್ಲ. ಜ್ವರದಲ್ಲಿ ನರಳುವ ಅತ್ತೆ ಕಣ್ಣ ಮುಂದೆ ಇದ್ದಳು.

ಆಗ ಆಚೆ ದಡದಿಂದ ಕೂಗು ಬಂತು.

"ಓ..."

ಹಳೆಯ ದನಿ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಇಬ್ಬರೂ ತಿರುಗಿದರು. ಆಚೆ ಕಡವಿನಲ್ಲಿ ಬೆರಳಿನಷ್ಟು ಉದ್ದದ ಆಕೃತಿಯೊಂದು ಒಂದು ಕೈ ಬಾಯಿಗೆ ಇಟ್ಟುಕೊಂಡು ನೆಟ್ಟಗೆ ನಿಂತಿತ್ತು. ಮತ್ತೆ ಕೂಗಿತು. ಜ್ವರ ಬಂದು ಹಾಸಿಗೆ ಹಿಡಿದವರಿಗೆ ಹೊಳೆ ದಾಟುವ ದನಿ ಇರುವುದಿಲ್ಲ.

"ಈ ಮುದುಕಿಗೆ ಬೇರೆ ಕೆಲಸ ಇಲ್ಲ" ಎಂದು ಅಂಬಿಗ ಗೊಣಗಿದ. ಆದರೆ ಅವನ ಕೈ ಆಗಲೇ ಹುಟ್ಟಿನ ಮೇಲೆ ಸರಿಯಾದ ಜಾಗಕ್ಕೆ ಇಳಿದಿತ್ತು. ಕೂಗಿದವರು ಹೆತ್ತ ತಾಯಿಯಾದರೂ ಸರಿ, ಕೂಗು ಕೂಗೇ. ಪುಟ್ಟಿ ಹಗ್ಗವನ್ನು ದೋಣಿಯೊಳಕ್ಕೆ ಹಾಕಿ ಹಿಂದಕ್ಕೆ ಸರಿದಳು. ದೋಣಿ ಕರೀ ಬಂಡೆಯ ಆಚೆಗೆ ಹೋಗುವವರೆಗೂ ನಿಂತಿದ್ದಳು. ಮುದುಕಿ ದೋಣಿ ಹತ್ತಲಿಲ್ಲ. ಅದು ಹತ್ತಿರ ಬರುವುದನ್ನು ಕಂಡು ಮನೆಯ ಕಡೆ ನಡೆದಳು.

ಮಾರನೆಯ ದಿನ ಹಾಲಿನವಳು ಕ್ಯಾನಿನ ಜೊತೆ ತಲೆಯ ಮೇಲೆ ಒಂದು ಹೊರೆ ತಂದಳು. ಬಿಚ್ಚಿದರೆ ಕೌದಿ. ಅದರೊಳಗೆ ಪುಟ್ಟಿಯ ಬಾಚಣಿಗೆ, ಅವಳ ಕುಡುಗೋಲು, ಎಡಕ್ಕೆ ವಾಲುವ ಮಡಕೆ.

"ನಿಮ್ಮತ್ತೆ ಗಟ್ಟಿಯಾಗಿದ್ದಾರೆ" ಎಂದಳು ಹಾಲಿನವಳು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ. "ಕೌದಿ ಹೊರಗೆ ಹಾಕಕೂಡದು ಅಂತ ಮಗ ಕಿತ್ತಿಟ್ಟಿದ್ದನಂತೆ. ನೀವು ಅದನ್ನೇ ನೋಡ್ತಾ ಇರ್ತೀರಿ ಅಂತ ಅವನಿಗೂ ಗೊತ್ತಾಗಿದೆ. ಅವನು ದೋಣಿ ಮೇಲಿದ್ದಾಗ ಹೊರೆ ಕಟ್ಟಿ ನನ್ನ ಕೈಗೆ ಕೊಟ್ಟರು. ಅವನ ದೋಣೀಲೇ ಅವನ ಮುಂದೇನೇ ತಂದೆ ನೋಡಿ, ಹೊರೆಯ ಮೇಲೆ ಹುಲ್ಲು ಹೊದಿಸಿ."

"ಏನಾದ್ರೂ ಹೇಳಿದ್ರಾ?"

"ಇನ್ನು ಬೇಲಿ ಹತ್ರ ನಿಂತು ಈ ಕಡೆ ನೋಡಬೇಡ, ಅಲ್ಲೇ ಇರು ಅಂತ ಹೇಳು ಅಂದ್ರು. ಆಮೇಲೆ ಒಳಗೆ ಹೋಗಿಬಿಟ್ಟರು. ಮುಖ ತೋರಿಸಲಿಲ್ಲ."

ಪುಟ್ಟಿ ಕೌದಿಯನ್ನು ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಅಕ್ಕ ಹತ್ತಿರ ಬರಲು ಹೋದವಳು ಬಾಗಿಲಲ್ಲೇ ನಿಂತಳು. ಸಂಜೆಗೆ ಪುಟ್ಟಿ ಎದ್ದು, "ಭಾವ, ಆ ಹಲಗೆ" ಎಂದಳು. ಅವನು ತಮಾಷೆ ಮಾಡದೆ ಸುತ್ತಿಗೆ ತಂದ. ಮೊಳೆ ಹೊಡೆದು ಮುಗಿದ ಮೇಲೆ ಅವಳು ಗಂಟು ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಮೇಲಿಟ್ಟಳು. ಮಡಕೆಯನ್ನು ಅಕ್ಕನ ಒಲೆಯ ಪಕ್ಕಕ್ಕೆ ಸೇರಿಸಿದಳು. ಅಲ್ಲೂ ಅದು ಎಡಕ್ಕೇ ವಾಲಿತು.

ಕಷ್ಟವಾದದ್ದು ದೊಡ್ಡಮ್ಮನನ್ನು ಒಪ್ಪಿಸುವುದು.

"ಗಂಡನ ಮನೆ ಬಿಟ್ಟು ಬಂದವಳು ಅಂತ ನನ್ನ ಬಾಯಲ್ಲಿ ಹೇಳಿಸ್ತೀಯೇನೇ?" ಎಂದು ಆಕೆ ಮುಖ ತಿರುಗಿಸಿದಳು. "ಇಷ್ಟು ದಿನ ನಿನ್ನನ್ನ ಮುಚ್ಚಿಟ್ಟು ಕಾಪಾಡಿದ್ದಕ್ಕೆ ಇದಾ?"

"ಮುಚ್ಚಿಟ್ಟದ್ದಕ್ಕೇ ಕೋರ್ಟಿಗೆ ನಾನು ಕಾಣಿಸ್ತಾ ಇಲ್ಲ ದೊಡ್ಡಮ್ಮ" ಎಂದಳು ಪುಟ್ಟಿ, ವಾಸಿಯಾದರೂ ಸೊಟ್ಟಗೆ ಕೂಡಿದ ಮಣಿಕಟ್ಟನ್ನು ಆಕೆಯ ಮಡಿಲ ಮೇಲಿಟ್ಟು. ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಷ್ಟು ದಿನ ಪಕ್ಕದಲ್ಲೇ ಇದ್ದರೂ ಹಾಗೆ ಹಿಡಿದು ನೋಡಿದ್ದು ಅದೇ ಮೊದಲು.

ಕೋರ್ಟಿನಲ್ಲಿ ದೊಡ್ಡಮ್ಮ ಯಾರೂ ಕೇಳುವ ಮೊದಲೇ ಶುರುಮಾಡಿದಳು. "ನೆಂಟಳು ಅಂತ ಓಣಿಗೆಲ್ಲ ಹೇಳಿದ್ದು ನಾನೇ ಸ್ವಾಮಿ. ಮರ್ಯಾದೆಗೆ ಹೇಳಿದ್ದು. ನೆಂಟರು ಯಾರಾದ್ರೂ ನಲ್ಲೀಲಿ ನೀರು ಹಿಡೀತಾರಾ, ಪಕ್ಕದ ಮನೆ ಮಕ್ಕಳ ತಲೆ ಬಾಚ್ತಾರಾ? ಅವಳು ನಮ್ಮ ಓಣಿಯವಳು. ನನ್ನ ಬಾಯಿಗೆ ನೀವೇನು ಶಿಕ್ಷೆ ಕೊಡ್ತೀರೋ ಕೊಡಿ, ಅವಳ ಕೈಗೆ ಇನ್ನೊಂದು ಸಲ ಶಿಕ್ಷೆ ಆಗೋದು ಬೇಡ."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ನ್ಯಾಯಾಧೀಶರು ಪುಟ್ಟಿಯ ಕಡೆ ನೋಡಿದರು. "ನೀವೇ ಹೇಳಿ. ಎಲ್ಲಿ ವಾಸ?"

ಎದುರು ಬದಿಯಲ್ಲಿ ಅಂಬಿಗ ತಲೆ ತಗ್ಗಿಸಿ ನಿಂತಿದ್ದ. ಭುಜ ಹಿಡಿದುಕೊಂಡಿದೆಯೆಂದು ಅವನು ನಿಂತ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಬಿಸಿನೀರಿನ ಶಾಖ ಕೊಡುವವರು ಯಾರೋ ಈಗ. ಆ ಯೋಚನೆ ಹೋಗಿ ಮರೆಯಾಗುವ ತನಕ ಅವಳು ಕಾದಳು.

"ಅಕ್ಕನ ಮನೇಲಿ" ಎಂದಳು. "ಈಚೆ ದಡದಲ್ಲಿ. ಇನ್ನು ಅಲ್ಲೇ ಇರೋದು."

ಆದೇಶ ಅಂದೇ ಆಯಿತು. ಜನ ದಾಟಬೇಕಲ್ಲ, ದೋಣಿ ಈಚೆ ಕಡವಿಗೆ ಬರಬಹುದು. ಅಂಬಿಗ ಮಾತ್ರ ಕಡವಿನ ಮೇಲ್ತುದಿಯ ಕಲ್ಲು ದಾಟಿ ಬರಕೂಡದು, ಅವಳನ್ನು ಮಾತಾಡಿಸಕೂಡದು, ಕೈ ಎತ್ತುವುದಂತೂ ದೂರದ ಮಾತು. ಮೀರಿದರೆ ಪೊಲೀಸರು, ಅದು ಯಾವ ದಡವಾದರೂ ಸರಿ.

"ಅತ್ತೇನ ನೋಡೋಕೆ ನಾನು ಹೋಗಬಹುದಾ?" ಎಂದು ಪುಟ್ಟಿ ಹೊರಗೆ ವಕೀಲಮ್ಮನನ್ನು ಕೇಳಿದಳು.

"ಆದೇಶ ಕಟ್ಟಿಹಾಕಿದ್ದು ಅವರನ್ನ, ನಿಮ್ಮನ್ನಲ್ಲ" ಎಂದಳು ವಕೀಲಮ್ಮ. "ಆದ್ರೆ ದಾಟಿಸೋರು ಬೇರೆ ಯಾರೂ ಇಲ್ವಲ್ಲ." ಪುಟ್ಟಿ ತಲೆಯಾಡಿಸಿದಳು. ಸೇತುವೆ ಸುತ್ತಿ ಹೋಗಿ ಬರುವ ದಾರಿಯನ್ನು ಅವಳು ಆಗಲೇ ಮನಸ್ಸಿನಲ್ಲಿ ನಡೆಯುತ್ತಿದ್ದಳು.

ಮರುದಿನ ಬೆಳಗ್ಗೆ ಅವಳು ಬೇಲಿಯ ಬಳಿ ಎರಡು ಗೂಟ ನೆಟ್ಟಳು. ಭಾವ ಗೂಟ ಅಲುಗಾಡಿಸಿ ನೋಡಿ, "ಇನ್ನೊಂದು ಸ್ವಲ್ಪ ಒಳಗೆ ಹೊಡಿ, ಗಾಳಿಗೆ ನಿಲ್ಲಲ್ಲ" ಎಂದು ತಾನೇ ಹೊಡೆದುಕೊಟ್ಟ. ನಡುವೆ ಹಗ್ಗ ಬಿಗಿದು ಕೌದಿಯನ್ನು ಹರವಿದಳು, ಕೆಂಪು ಅಂಚು ಹೊಳೆಯ ಕಡೆ ಬರುವ ಹಾಗೆ.

ಆಚೆಯ ಹಗ್ಗ ಬರಿದಾಗಿತ್ತು. ಬಿಸಿಲು ಹೆಂಚಿನಿಂದ ಅಂಗಳಕ್ಕೆ ಇಳಿಯಿತು. ಬಾಗಿಲಿನಿಂದ ಬೆರಳಿನಷ್ಟು ಎತ್ತರದವರೊಬ್ಬರು ಹೊರಗೆ ಬಂದು ಗೂಟದ ಬಳಿ ನಿಂತರು. ಅತ್ತೆಯ ಕಣ್ಣಿಗೆ ಈಗೀಗ ಪೊರೆ ಬಂದಿತ್ತು. ಅಷ್ಟು ದೂರಕ್ಕೆ ಕೆಂಪು ಕಾಣುತ್ತದೋ ಇಲ್ಲವೋ ಪುಟ್ಟಿಗೆ ತಿಳಿಯಲಿಲ್ಲ. ಅತ್ತೆ ನಿಂತೇ ಇದ್ದಳು. ಒಳಗಿನಿಂದ ಅಕ್ಕ ಚಹಾ ಆರುತ್ತದೆಂದು ಕರೆದಳು. "ಬಂದೆ" ಎಂದಳು ಪುಟ್ಟಿ, ಗಾಳಿಗೆ ಮಡಚಿಕೊಂಡ ಕೌದಿಯ ಮೂಲೆಯನ್ನು ಬಿಡಿಸುತ್ತ.